ಫ್ರೆಡ್ ತಾಣದ ವಿಮರ್ಶೆ: ಅಧ್ಯಕ್ಷರು ಹೇಳುವ ಅಂಕಿ, ಮತದಾರರು ಕೊಡುವ ಬಿಲ್ಲು

ಅಮೆರಿಕದಲ್ಲಿ ಕುರ್ಚಿಯಲ್ಲಿರುವ ಅಧ್ಯಕ್ಷರ ಮೇಲೆ ಜನ ಸಿಟ್ಟಾದಾಗಲೆಲ್ಲ ಎರಡು ಮಾತು ಒಟ್ಟೊಟ್ಟಿಗೆ ಕೇಳಿಬರುತ್ತವೆ. ಶ್ವೇತಭವನ ಹೇಳುತ್ತದೆ: ಹಣದುಬ್ಬರ ಇಳಿದಿದೆ. ದಿನಸಿ ಅಂಗಡಿಯ ಸಾಲಿನಲ್ಲಿ ನಿಂತವರು ಹೇಳುತ್ತಾರೆ: ಯಾವ ಸಾಮಾನೂ ಅಗ್ಗವಾಗಿಲ್ಲ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳುವುದು ಸುಲಭ. ಆದರೆ ಹೆಚ್ಚಿನ ಸಲ ಇಬ್ಬರ ಮಾತೂ ನಿಜವೇ. ಅದು ಹೇಗೆ ಎಂಬುದನ್ನು ಒಂದು ಪೈಸೆ ಖರ್ಚಿಲ್ಲದೆ, ಟಿವಿ ಚರ್ಚೆಗಳ ಗದ್ದಲವಿಲ್ಲದೆ ನಾವೇ ನೋಡಿಕೊಳ್ಳಲು ಈಗ ಇರುವ ಸಾಧನಗಳಲ್ಲಿ ಅತ್ಯುತ್ತಮವಾದದ್ದು ಫ್ರೆಡ್. ಅಂಕ ಕೊಡುವುದಾದರೆ ಐದಕ್ಕೆ ನಾಲ್ಕೂವರೆ. ಅರ್ಧ ಅಂಕ ಎಲ್ಲಿ ಹೋಯಿತು ಎಂಬುದು ಮುಂದೆ ಬರುತ್ತದೆ.

ಫ್ರೆಡ್ ಎಂದರೆ ಅಮೆರಿಕದ ಕೇಂದ್ರ ಬ್ಯಾಂಕಿನ ಅಂಗವಾದ, ಸೇಂಟ್ ಲೂಯಿಸ್‌ನ ಫೆಡರಲ್ ರಿಸರ್ವ್ ಬ್ಯಾಂಕಿನ ಸಂಶೋಧನಾ ವಿಭಾಗ ನಡೆಸುವ ಅಂಕಿಅಂಶಗಳ ತಾಣ. 1991ರಲ್ಲಿ ಮೋಡೆಮ್‌ನಿಂದ ಡಯಲ್ ಮಾಡಿ ಓದುವ ಎಲೆಕ್ಟ್ರಾನಿಕ್ ಬುಲೆಟಿನ್ ಬೋರ್ಡ್ ಆಗಿ ಶುರುವಾದದ್ದು, ಈಗ ಅಲ್ಲಿ 8 ಲಕ್ಷಕ್ಕೂ ಹೆಚ್ಚು ಸರಣಿಗಳಿವೆ. ಫ್ರೆಡ್ ತಾನಾಗಿ ಅಂಕಿ ಕಲೆಹಾಕುವುದಿಲ್ಲ. ಬೆಲೆ ಮತ್ತು ಉದ್ಯೋಗದ ಅಂಕಿ ಕಾರ್ಮಿಕ ಅಂಕಿಅಂಶ ಇಲಾಖೆಯಾದ ಬಿಎಲ್‌ಎಸ್‌ನಿಂದ, ಜಿಡಿಪಿ ಆರ್ಥಿಕ ವಿಶ್ಲೇಷಣಾ ಇಲಾಖೆಯಾದ ಬಿಇಎಯಿಂದ, ಪೆಟ್ರೋಲ್ ಬೆಲೆ ಇಂಧನ ಮಾಹಿತಿ ಸಂಸ್ಥೆ ಇಐಎಯಿಂದ, ಗೃಹಸಾಲದ ಬಡ್ಡಿ ಗೃಹಸಾಲ ಸಂಸ್ಥೆ ಫ್ರೆಡ್ಡಿ ಮ್ಯಾಕ್‌ನಿಂದ, ಜನರ ಮನಸ್ಥಿತಿಯ ಸೂಚ್ಯಂಕ ಮಿಷಿಗನ್ ವಿಶ್ವವಿದ್ಯಾಲಯದಿಂದ ಬರುತ್ತದೆ. ಎಲ್ಲವನ್ನೂ ಒಂದೇ ಅಚ್ಚಿಗೆ ಹಾಕಿ ಒಂದರ ಮೇಲೊಂದು ಗೆರೆ ಎಳೆಯಲು ಬಿಡುವುದೇ ಫ್ರೆಡ್‌ನ ಕೆಲಸ. ನಮ್ಮ ರಿಸರ್ವ್ ಬ್ಯಾಂಕಿನ ಡಿಬಿಐಇ ತಾಣದಲ್ಲಿ ಕೋಷ್ಟಕ ಹುಡುಕಿ ಸುಸ್ತಾದವರಿಗೆ ಇಲ್ಲಿನ ವೇಗ ಮೊದಲ ದಿನವೇ ಗೊತ್ತಾಗುತ್ತದೆ. ನೋಡಲು ಖಾತೆ ಬೇಡ. ಮಾಡಿದ ಗ್ರಾಫ್ ಉಳಿಸಿಕೊಳ್ಳಲು, ಡ್ಯಾಶ್‌ಬೋರ್ಡ್ ಕಟ್ಟಿಕೊಳ್ಳಲು ಮಾತ್ರ ಖಾತೆ ಬೇಕು, ಅದೂ ಉಚಿತ.

ಮೊದಲು ಮಾಡಬೇಕಾದ ಕೆಲಸ ಇದು. ಹುಡುಕುವ ಪೆಟ್ಟಿಗೆಯಲ್ಲಿ ಸಿಪಿಐ, ಅಂದರೆ ಗ್ರಾಹಕ ಬೆಲೆ ಸೂಚ್ಯಂಕ, ಎಂದು ಹಾಕಿ. 'ಆಲ್ ಐಟಮ್ಸ್' ಎಂಬ ಮೊದಲ ಫಲಿತಾಂಶವನ್ನೇ ತೆರೆಯಿರಿ. 1947ರಿಂದ ಇಂದಿನವರೆಗೆ ಏರುತ್ತಲೇ ಹೋಗುವ ಒಂದು ಗೆರೆ ಕಾಣುತ್ತದೆ. ಇದರಿಂದ ಸದ್ಯಕ್ಕೆ ಏನೂ ತಿಳಿಯದು. ಮೇಲೆ ತಾರೀಖಿನ ಜಾಗದಲ್ಲಿ ಆರಂಭವನ್ನು 2021ರ ಜನವರಿ 1 ಎಂದು ಬದಲಿಸಿ. ಆಮೇಲೆ 'ಎಡಿಟ್ ಗ್ರಾಫ್' ಒತ್ತಿ 'ಯೂನಿಟ್ಸ್' ಎಂಬ ಪಟ್ಟಿಗೆ ಬನ್ನಿ. ಈ ತಾಣದ ಜೀವ ಇರುವುದು ಈ ಒಂದು ಪಟ್ಟಿಯಲ್ಲಿ. ಅದರಲ್ಲಿ 'ಪರ್ಸೆಂಟ್ ಚೇಂಜ್ ಫ್ರಮ್ ಇಯರ್ ಅಗೋ' ಆರಿಸಿದರೆ ಗೆರೆ ಗುಡ್ಡದಂತಾಗುತ್ತದೆ. 2022ರ ಜೂನ್‌ನಲ್ಲಿ ಶೇ 9ರ ತುದಿ ಮುಟ್ಟಿ, 2024ರ ಅಕ್ಟೋಬರ್ ಹೊತ್ತಿಗೆ ಶೇ 2.6ಕ್ಕೆ ಇಳಿದುಬಿಡುತ್ತದೆ. ಜೋ ಬೈಡನ್ ಆಡಳಿತ ತೋರಿಸುತ್ತಿದ್ದದ್ದು ಈ ಗ್ರಾಫನ್ನು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಈಗ ಅದೇ ಪಟ್ಟಿಯಲ್ಲಿ ಕೆಳಗಿಳಿದು, ಆರಿಸಿದ ದಿನಾಂಕಕ್ಕೆ 100 ಎಂದು ಕೂರಿಸುವ 'ಇಂಡೆಕ್ಸ್' ಆಯ್ಕೆ ಮಾಡಿ, ದಿನಾಂಕಕ್ಕೆ 2021ರ ಜನವರಿ ಕೊಡಿ. ಗುಡ್ಡ ಮಾಯವಾಗಿ ಮೆಟ್ಟಿಲು ಕಾಣುತ್ತದೆ. 2022ರ ಜೂನ್‌ನಲ್ಲಿ 112 ದಾಟಿದೆ, 2024ರ ಅಕ್ಟೋಬರ್‌ನಲ್ಲಿ 120ರ ಆಸುಪಾಸು, ಬೈಡನ್ ಕುರ್ಚಿ ಬಿಟ್ಟ 2025ರ ಜನವರಿಯಲ್ಲಿ 121. ಎಲ್ಲೂ ಹೇಳಿಕೊಳ್ಳುವಷ್ಟು ಕೆಳಗಿಳಿದಿಲ್ಲ. ಜ್ವರ ಏರುವುದು ನಿಂತಿತು ಎಂದರೆ ಜ್ವರ ಬಿಟ್ಟಿತು ಎಂದಲ್ಲವಲ್ಲ, ಹಾಗೆಯೇ ಇದು. 2021ರ ಜನವರಿಯಲ್ಲಿ 100 ಡಾಲರ್‌ಗೆ ತುಂಬುತ್ತಿದ್ದ ಚೀಲಕ್ಕೆ ನಾಲ್ಕು ವರ್ಷದ ಮೇಲೆ 121 ಡಾಲರ್. ಮತದಾರ ನೋಡುತ್ತಿದ್ದದ್ದು ಈ ಗ್ರಾಫನ್ನು. ಇದರಲ್ಲೂ ತಪ್ಪೇನೂ ಇರಲಿಲ್ಲ.

ಇನ್ನೂ ಒಂದು ಹೆಜ್ಜೆ ಹೋದರೆ ಸಿಟ್ಟಿನ ಅಳತೆಯೂ ಸಿಗುತ್ತದೆ. 'ಆ್ಯಡ್ ಲೈನ್' ಭಾಗದಲ್ಲಿ ನಮಗೆ ಬೇಕಾದ ಗೆರೆಯನ್ನು ನಾವೇ ಎಳೆಯುವ 'ಯೂಸರ್ ಡಿಫೈನ್ಡ್ ಲೈನ್' ಎಂಬ ಅನುಕೂಲವಿದೆ. ಆರಂಭ 2021ರ ಜನವರಿ, ಬೆಲೆ 100. ಅಂತ್ಯ 2025ರ ಜನವರಿ, ಬೆಲೆ 108.2 ಎಂದು ತುಂಬಿ. ಫೆಡರಲ್ ರಿಸರ್ವ್ ಇಟ್ಟುಕೊಂಡಿರುವ ವರ್ಷಕ್ಕೆ ಶೇ 2ರ ಗುರಿಯನ್ನು ನಾಲ್ಕು ವರ್ಷ ಚಕ್ರಬಡ್ಡಿಯಂತೆ ಲೆಕ್ಕ ಹಾಕಿದರೆ ಬರುವ ಅಂಕಿ ಅದು. ಗುರಿ ಸಣ್ಣ ಇಳಿಜಾರಿನಂತೆ ಕೆಳಗಿರುತ್ತದೆ, ನಿಜವಾದ ಬೆಲೆ ಅದರಿಂದ ಬಿಟ್ಟುಕೊಂಡು ಮೇಲೆ ಹೋಗಿರುತ್ತದೆ. 108ಕ್ಕೂ 121ಕ್ಕೂ ನಡುವಿನ ಆ 13 ಅಂಕಗಳ ಬಿರುಕನ್ನು ತೋರಿಸುವ ಗ್ರಾಫ್ ಯಾವ ಪಕ್ಷದ ಪತ್ರಿಕಾಗೋಷ್ಠಿಯಲ್ಲೂ ಕಾಣಸಿಗದು. ಹೋಲಿಕೆಗೆ ಬೇಕಿದ್ದರೆ 2017ರ ಜನವರಿಯಿಂದ 2021ರ ಜನವರಿವರೆಗೆ ಇದೇ ಲೆಕ್ಕ ಮಾಡಿ: ಒಟ್ಟು ಏರಿಕೆ ಶೇ 8ರ ಒಳಗೆ. ಜಿಮ್ಮಿ ಕಾರ್ಟರ್ ಅವರ ನಾಲ್ಕು ವರ್ಷ, 1977ರಿಂದ 1981: ಶೇ 48ಕ್ಕೂ ಹೆಚ್ಚು.

ಸಂಬಳದ ಗೆರೆ ಸೇರಿಸದೆ ಇಲ್ಲಿಗೇ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. 'ಆ್ಯಡ್ ಲೈನ್'ನಲ್ಲಿ ಖಾಸಗಿ ವಲಯದ ಸರಾಸರಿ ಗಂಟೆ ಸಂಬಳದ ಸರಣಿ ಹುಡುಕಿ ಸೇರಿಸಿ, ಅದಕ್ಕೂ 2021ರ ಜನವರಿಯನ್ನು 100 ಮಾಡಿ. ಸಂಬಳ ಗಂಟೆಗೆ ಸುಮಾರು 30 ಡಾಲರ್‌ನಿಂದ 2025ರ ಜನವರಿಗೆ 36 ಡಾಲರ್ ಸಮೀಪಕ್ಕೆ ಬಂದಿದೆ, ಅಂದರೆ ಸುಮಾರು 120. ಬೆಲೆಯ ಗೆರೆಗೂ ಇದಕ್ಕೂ ಕೊನೆಯಲ್ಲಿ ಹೆಚ್ಚು ಅಂತರವಿಲ್ಲ. ಅಂತರ ಇರುವುದು ನಡುವಿನಲ್ಲಿ: 2022ರ ಜೂನ್‌ನಲ್ಲಿ ಬೆಲೆ 112 ದಾಟಿದ್ದಾಗ ಸಂಬಳ ಇನ್ನೂ 107–108ರ ಹತ್ತಿರ ಏದುಸಿರು ಬಿಡುತ್ತಿತ್ತು. ಸುಮಾರು ಎರಡು ವರ್ಷ ಮನೆಗಳು ಈ ಕೊರತೆಯನ್ನು ಉಳಿತಾಯ ಕರಗಿಸಿ, ಕ್ರೆಡಿಟ್ ಕಾರ್ಡ್ ಉಜ್ಜಿ ತುಂಬಿಕೊಂಡವು. ಆಮೇಲೆ ಸಂಬಳ ಸಮ ಬಂದರೂ ಆ ಎರಡು ವರ್ಷದ ಸಾಲ ತೀರಿರಲಿಲ್ಲ. ಇನ್ನೊಂದು ಮಾತೂ ಇದೆ. ಸಂಬಳ ಏರಿದರೆ ಅದು ತನ್ನ ದುಡಿಮೆಯ ಫಲ ಎಂದು ಜನ ತಿಳಿಯುತ್ತಾರೆ, ಬೆಲೆ ಏರಿದರೆ ಅದು ಸರ್ಕಾರದ ತಪ್ಪು ಎನ್ನುತ್ತಾರೆ. ಇದನ್ನು ದಡ್ಡತನ ಎಂದು ತಳ್ಳಿಹಾಕಿದ ಪಂಡಿತರು 2024ರ ಚುನಾವಣೆಯನ್ನು ಓದುವಲ್ಲಿ ಸೋತರು.

ಸಂಬಳದ ಸರಣಿಯಲ್ಲಿ ಒಂದು ಹಳ್ಳವಿದೆ, ತಿಳಿಯದವರು ತಪ್ಪದೆ ಬೀಳುತ್ತಾರೆ. ಹಣದುಬ್ಬರ ಕಳೆದು ಲೆಕ್ಕ ಹಾಕಿದ, ಮಧ್ಯಮ (ಮೀಡಿಯನ್, ಅಂದರೆ ಎಲ್ಲರನ್ನೂ ಸಂಬಳದ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವಿನವರ) ವಾರದ ಸಂಬಳದ ಸರಣಿ ತೆರೆದರೆ 2020ರ ಎರಡನೇ ತ್ರೈಮಾಸಿಕದಲ್ಲಿ ಗೆರೆ ಒಮ್ಮೆಲೇ 393ಕ್ಕೆ ಜಿಗಿಯುತ್ತದೆ. (ಇದು 1982–84ರ ಡಾಲರ್ ಮೌಲ್ಯದಲ್ಲಿ.) ಕೊರೊನಾ ಲಾಕ್‌ಡೌನ್‌ನ ನಡುವೆ ಎಲ್ಲರ ಸಂಬಳ ಏರಿತೇ? ಇಲ್ಲ. ಹೋಟೆಲು, ಅಂಗಡಿಗಳಲ್ಲಿ ಕಡಿಮೆ ಸಂಬಳಕ್ಕೆ ದುಡಿಯುತ್ತಿದ್ದವರು ಕೆಲಸ ಕಳೆದುಕೊಂಡು ಲೆಕ್ಕದಿಂದಲೇ ಹೊರಬಿದ್ದರು, ಉಳಿದವರ ಮಧ್ಯಮ ಸಂಬಳ ಮೇಲೆ ಹೋಯಿತು. ಈ ತುದಿಯಿಂದ ಅಳೆದರೆ ಮುಂದಿನ ಅಧ್ಯಕ್ಷರ ಕಾಲದಲ್ಲಿ ಸಂಬಳ ಕುಸಿಯಿತು ಎಂದು ಕಾಣುತ್ತದೆ. ಅಳತೆಯನ್ನು 2019ರಿಂದ ಶುರುಮಾಡುವುದೇ ನ್ಯಾಯ. ಆರಂಭದ ದಿನಾಂಕ ಯಾರು ಆರಿಸಿದರು, ಏಕೆ ಆರಿಸಿದರು ಎಂದು ಯಾವ ಗ್ರಾಫ್ ಎದುರು ಬಂದರೂ ಮೊದಲು ಕೇಳಿ.

ಒಂದೊಂದೇ ಸಾಮಾನಿನ ಬೆಲೆಯೂ ಇಲ್ಲಿ ಸಿಗುತ್ತದೆ. ಮತದಾರರ ಮನಸ್ಸು ತಿಳಿಯಲು ಒಟ್ಟು ಸೂಚ್ಯಂಕಕ್ಕಿಂತ ಇವೇ ಹೆಚ್ಚು ಉಪಯೋಗ, ಏಕೆಂದರೆ ವಾರ ವಾರ ಕೊಳ್ಳುವುದರ ಬೆಲೆ ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಒಂದು ಡಜನ್ 'ಎ' ದರ್ಜೆಯ ದೊಡ್ಡ ಮೊಟ್ಟೆ 2021ರ ಜನವರಿಯಲ್ಲಿ ಸುಮಾರು ಒಂದೂವರೆ ಡಾಲರ್ ಇತ್ತು. ಹಕ್ಕಿಜ್ವರದಿಂದ ಕೋಟ್ಯಂತರ ಕೋಳಿಗಳನ್ನು ಕೊಂದ ಮೇಲೆ 2023ರ ಜನವರಿಯಲ್ಲಿ 4.82 ಡಾಲರ್, ಆಮೇಲೆ ಇಳಿಕೆ, ಮತ್ತೆ ಹಕ್ಕಿಜ್ವರ ಬಂದು 2025ರ ಮಾರ್ಚ್‌ನಲ್ಲಿ ದಾಖಲೆಯ 6.23 ಡಾಲರ್. ಅದೇ ಸೆಪ್ಟೆಂಬರ್‌ಗೆ ಮೂರೂವರೆಗೆ ಇಳಿಯಿತು. ಮೊಟ್ಟೆ ಅಗ್ಗವಾಯಿತು ಎಂದು ಡೊನಾಲ್ಡ್ ಟ್ರಂಪ್ ಹೇಳಿದ್ದಕ್ಕೆ ಈ ಗ್ರಾಫಿನಲ್ಲಿ ಆಧಾರವಿದೆ. ಹಾಗೆಯೇ ಪಕ್ಕದಲ್ಲಿ ಕಾಫಿ ಪುಡಿಯ ಸರಣಿ ಸೇರಿಸಿ ನೋಡಿ. ಒಂದು ಪೌಂಡ್, ಅಂದರೆ ಸುಮಾರು 454 ಗ್ರಾಂ ಪುಡಿ, 2025ರ ಜನವರಿಯಲ್ಲಿ 7 ಡಾಲರ್, ಸೆಪ್ಟೆಂಬರ್‌ನಲ್ಲಿ 9 ದಾಟಿತು. ಬ್ರೆಜಿಲ್‌ನ ಬೆಳೆ ಕೈಕೊಟ್ಟದ್ದು ಒಂದು ಕಾರಣ, ಆಗಸ್ಟ್‌ನಲ್ಲಿ ಬ್ರೆಜಿಲ್ ಸರಕಿನ ಮೇಲೆ ಹೇರಿದ ಶೇ 50ರ ಸುಂಕ ಇನ್ನೊಂದು. ಅದೇ ತಿಂಗಳ ಕೊನೆಗೆ ಭಾರತದ ಸರಕಿಗೂ ಶೇ 50 ಸುಂಕ ಬಿತ್ತು, ಕೊಡಗು, ಚಿಕ್ಕಮಗಳೂರಿನ ಕಾಫಿಯೂ ಅದರಿಂದ ತಪ್ಪಿಸಿಕೊಳ್ಳಲಿಲ್ಲ. ನವೆಂಬರ್‌ನಲ್ಲಿ ಆಡಳಿತವೇ ಕಾಫಿ, ಗೋಮಾಂಸ, ಬಾಳೆಹಣ್ಣುಗಳ ಸುಂಕ ಹಿಂತೆಗೆದುಕೊಂಡಿತು. ದಿನಸಿ ಬಿಲ್ಲಿನ ಸಿಟ್ಟು ಅಷ್ಟರಮಟ್ಟಿಗೆ ಮುಟ್ಟಿತ್ತು.

ಪೆಟ್ರೋಲ್‌ನದ್ದು ವಾರದ ಸರಣಿ. 2022ರ ಜೂನ್ 13ರ ವಾರ ರಾಷ್ಟ್ರೀಯ ಸರಾಸರಿ ಗ್ಯಾಲನ್‌ಗೆ 5 ಡಾಲರ್ ದಾಟಿತು. ಇದನ್ನು ಮಾಸಿಕ ಸರಣಿಯ ಜೊತೆ ಭಾಗಿಸುವ ಸೂತ್ರ ಹಾಕುವವರು 'ಅಗ್ರಿಗೇಶನ್' ಪಟ್ಟಿಯಲ್ಲಿ 'ಆ್ಯವರೇಜ್' ಇದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. 'ಎಂಡ್ ಆಫ್ ಪೀರಿಯಡ್' ಎಂದಿದ್ದರೆ ತಿಂಗಳ ಕೊನೆಯ ವಾರದ ಬೆಲೆಯೊಂದೇ ಲೆಕ್ಕಕ್ಕೆ ಬರುತ್ತದೆ.

ಕಾರಿನ ವಿಮೆಯನ್ನೂ ಮರೆಯದೆ ನೋಡಿ. ಒಟ್ಟು ಹಣದುಬ್ಬರ ತಣ್ಣಗಾಗಿದೆ ಎಂದು ಎಲ್ಲರೂ ಹೇಳುತ್ತಿದ್ದ 2024ರ ಏಪ್ರಿಲ್‌ನಲ್ಲಿ ವಾಹನ ವಿಮೆ ವರ್ಷದ ಹಿಂದಿಗಿಂತ ಶೇ 22.6 ಹೆಚ್ಚಿತ್ತು. ಬಸ್ಸಿಲ್ಲದ ಊರುಗಳ ದೇಶದಲ್ಲಿ ಈ ಖರ್ಚು ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ.

ಆದರೆ ಎಲ್ಲಕ್ಕಿಂತ ದೊಡ್ಡ ಹೊಡೆತ ಸಿಪಿಐಯಲ್ಲಿ ಕಾಣುವುದೇ ಇಲ್ಲ. ಗೃಹಸಾಲದ ಬಡ್ಡಿಯನ್ನು 1983ರಿಂದ ಸಿಪಿಐ ಲೆಕ್ಕದಿಂದ ಹೊರಗಿಟ್ಟಿದ್ದಾರೆ. ಅದರ ಬದಲು, ಸ್ವಂತ ಮನೆಯವರು ಅದೇ ಮನೆಗೆ ಬಾಡಿಗೆ ಕೊಡಬೇಕಿದ್ದರೆ ಎಷ್ಟಾಗುತ್ತಿತ್ತು ಎಂಬ ಅಂದಾಜು ಸೇರುತ್ತದೆ. ಅಳತೆಗೆ ಅದಕ್ಕೂ ಒಳ್ಳೆಯ ಕಾರಣಗಳಿವೆ. ಆದರೆ ಮನೆ ಕೊಳ್ಳಲು ಹೊರಟ ಕುಟುಂಬದ ಮುಂದೆ ನಿಂತು ನೋಡಿ. ಫ್ರೆಡ್‌ನಲ್ಲಿ 30 ವರ್ಷದ ಗೃಹಸಾಲದ ಬಡ್ಡಿ ಹುಡುಕಿದರೆ 2021ರ ಜನವರಿ ಮೊದಲ ವಾರ ಶೇ 2.65, 2023ರ ಅಕ್ಟೋಬರ್ ಕೊನೆಯ ವಾರ ಶೇ 7.79. 4 ಲಕ್ಷ ಡಾಲರ್ ಸಾಲಕ್ಕೆ ತಿಂಗಳ ಕಂತು ಮೊದಲನೆಯದರಲ್ಲಿ ಸುಮಾರು 1,612 ಡಾಲರ್, ಎರಡನೆಯದರಲ್ಲಿ ಸುಮಾರು 2,877 ಡಾಲರ್. ಅದೇ ಮನೆ, ಅದೇ ಸಾಲ, ತಿಂಗಳಿಗೆ 1,265 ಡಾಲರ್ ಹೆಚ್ಚು. ಸಿಪಿಐ ಗ್ರಾಫ್ ಹಿಡಿದು 'ನಿಮ್ಮ ಕಷ್ಟ ಕಡಿಮೆಯಾಗಿದೆ' ಎಂದು ಹೇಳಿದ್ದು ಈ ಕುಟುಂಬಕ್ಕೆ. ನ್ಯೂಜೆರ್ಸಿಯಲ್ಲೋ ಡಲ್ಲಾಸ್‌ನಲ್ಲೋ ಮೊದಲ ಮನೆಗಾಗಿ ವರ್ಷಗಟ್ಟಲೆ ಕಾದ ಕನ್ನಡದ ಮನೆಗಳಿಗೂ ಈ ಲೆಕ್ಕ ಚೆನ್ನಾಗಿ ಗೊತ್ತು. 1980ರ ಹಣದುಬ್ಬರವನ್ನು 2022ರದ್ದರ ಜೊತೆ ಹೋಲಿಸುವವರೂ ಇದನ್ನು ನೆನಪಿಡಬೇಕು: ಆಗಿನ ಸೂಚ್ಯಂಕದಲ್ಲಿ ಬಡ್ಡಿ ಇತ್ತು, ಈಗಿನದರಲ್ಲಿ ಇಲ್ಲ.

ಜನರ ಮನಸ್ಸನ್ನು ನೇರವಾಗಿ ಅಳೆಯುವುದು ಮಿಷಿಗನ್ ಸೂಚ್ಯಂಕ. 'ಕನ್ಸ್ಯೂಮರ್ ಸೆಂಟಿಮೆಂಟ್' ಎಂದು ಹುಡುಕಿದರೆ ಸಿಗುತ್ತದೆ. 1966ರ ಮೊದಲ ತ್ರೈಮಾಸಿಕ 100. ಚುನಾವಣೆಯ ಹಿಂದಿನ ಅಕ್ಟೋಬರ್ ಅಂಕಿಗಳನ್ನು ಒಂದೊಂದಾಗಿ ಹೆಕ್ಕಿ ನೋಡುವುದು ಈ ತಾಣದಲ್ಲಿ ಮಾಡಬಹುದಾದ ಬಹಳ ಒಳ್ಳೆಯ ಅಭ್ಯಾಸ. 1980, ಕಾರ್ಟರ್: 75. 1992, ದೊಡ್ಡ ಬುಷ್: 73. 2024, ಬೈಡನ್ ಕುರ್ಚಿಯಲ್ಲಿದ್ದು ಕಮಲಾ ಹ್ಯಾರಿಸ್ ಕಣದಲ್ಲಿ: 70ರ ಆಸುಪಾಸು. ಮೂರು ಸಲವೂ ಆಳುವ ಪಕ್ಷ ಸೋತಿತು. ಇನ್ನು ಗೆದ್ದವರು: 1984ರ ರೇಗನ್ 96, 1996ರ ಕ್ಲಿಂಟನ್ 96, 2004ರ ಚಿಕ್ಕ ಬುಷ್ 92ರ ಹತ್ತಿರ. ಸೂತ್ರ ಸಿಕ್ಕೇಬಿಟ್ಟಿತು ಎನ್ನುವಷ್ಟರಲ್ಲಿ ಒಬಾಮ ಮತ್ತು ಟ್ರಂಪ್ ಅಡ್ಡ ಬರುತ್ತಾರೆ. 2012ರಲ್ಲಿ ಒಬಾಮ ಸುಮಾರು 83ರಲ್ಲಿ ಗೆದ್ದರು, 2020ರಲ್ಲಿ ಟ್ರಂಪ್ ಸುಮಾರು 82ರಲ್ಲಿ ಸೋತರು. ಎಂಬತ್ತರ ಆಚೆ ಈಚೆ ಬಂದಾಗ ಈ ಒಂದು ಅಂಕಿಯಿಂದ ಫಲಿತಾಂಶ ಹೇಳಲಾಗದು. ಎಪ್ಪತ್ತೈದಕ್ಕೋ ಅದಕ್ಕೂ ಕೆಳಗೋ ಇಳಿದರೆ ಕುರ್ಚಿಯ ಕಾಲು ಅಲುಗಾಡುತ್ತಿದೆ ಎಂದು ಧೈರ್ಯವಾಗಿ ಹೇಳಬಹುದು. 2022ರ ಜೂನ್‌ನಲ್ಲಂತೂ ಈ ಸೂಚ್ಯಂಕ 50ಕ್ಕೆ ಕುಸಿದು, ಅಲ್ಲಿಯವರೆಗಿನ ಎಲ್ಲ ದಾಖಲೆಗಳಿಗಿಂತ ಕೆಳಗೆ ಹೋಗಿತ್ತು. ನಿರುದ್ಯೋಗ ಶೇ 4ರ ಒಳಗಿದ್ದ ತಿಂಗಳದು.

ಇದರ ತೊಡಕುಗಳೂ ಚಿಕ್ಕವಲ್ಲ. ಮಿಷಿಗನ್‌ನವರ ಕೋರಿಕೆಯಂತೆ ಫ್ರೆಡ್ ಈ ಅಂಕಿಯನ್ನು ಒಂದು ತಿಂಗಳು ತಡವಾಗಿ ಹಾಕುತ್ತದೆ, ತಾಜಾ ಅಂಕಿ ಬೇಕಿದ್ದರೆ ಅವರ ತಾಣಕ್ಕೇ ಹೋಗಬೇಕು. 1978ಕ್ಕೆ ಮುಂಚೆ ಪ್ರತಿ ತಿಂಗಳ ಅಂಕಿ ಇಲ್ಲ, ಗೆರೆ ನಡುನಡುವೆ ತುಂಡಾಗುತ್ತದೆ. 2024ರ ಏಪ್ರಿಲ್‌ನಿಂದ ಜೂನ್ ನಡುವೆ ಸಮೀಕ್ಷೆ ಫೋನಿನಿಂದ ಇಂಟರ್ನೆಟ್‌ಗೆ ಬದಲಾಯಿತು, ಅದರ ಹಿಂದಿನ ಮುಂದಿನ ಅಂಕಿಗಳನ್ನು ಒಂದೆರಡು ಅಂಕದ ಮಟ್ಟಿಗೆ ಹೋಲಿಸಿ ಜಗಳಕ್ಕೆ ಇಳಿಯಬೇಡಿ. ಎಲ್ಲಕ್ಕಿಂತ ಮುಖ್ಯ: ಉತ್ತರ ಕೊಡುವವರ ಪಕ್ಷ ನಿಷ್ಠೆ ಇದರಲ್ಲಿ ಬೆರೆತಿರುತ್ತದೆ. ಶ್ವೇತಭವನದಲ್ಲಿ ಪಕ್ಷ ಬದಲಾದ ಕೂಡಲೇ ರಿಪಬ್ಲಿಕನ್ನರ ಮತ್ತು ಡೆಮಾಕ್ರಟರ ಮನಸ್ಥಿತಿ ಅದಲುಬದಲಾಗುತ್ತದೆ, ಅವರ ಜೇಬಿನಲ್ಲಿ ಏನೂ ಬದಲಾಗಿರದಿದ್ದರೂ. ಫ್ರೆಡ್ ಕೊಡುವುದು ಒಟ್ಟು ಅಂಕಿ ಮಾತ್ರ. ಅಧ್ಯಕ್ಷರ ಜನಪ್ರಿಯತೆಯ ಸಮೀಕ್ಷೆಗಳಂತೂ ಇಲ್ಲಿ ಇಲ್ಲವೇ ಇಲ್ಲ. ಅವನ್ನು ಬೇರೆ ಕಡೆಯಿಂದ ತಂದು ಎಕ್ಸೆಲ್‌ನಲ್ಲಿ ಪಕ್ಕಪಕ್ಕ ಇಟ್ಟುಕೊಳ್ಳಬೇಕು.

ಗ್ರಾಫಿನ ಹಿನ್ನೆಲೆಯಲ್ಲಿ ಬೂದು ಪಟ್ಟಿಗಳು ಕಾಣುತ್ತವಲ್ಲ, ಅವು ಆರ್ಥಿಕ ಹಿಂಜರಿತದ ತಿಂಗಳುಗಳು. ನಿರ್ಧರಿಸುವುದು ಎನ್‌ಬಿಇಆರ್ ಎಂಬ ಸಂಶೋಧನಾ ಸಂಸ್ಥೆಯ ತಜ್ಞರ ಸಮಿತಿ. ಈ ಪಟ್ಟಿಗಳನ್ನು ನೋಡಿ 1992ರ ಚುನಾವಣೆ ಅರ್ಥಮಾಡಿಕೊಳ್ಳಲು ಹೊರಟರೆ ಗೊಂದಲವಾಗುತ್ತದೆ. ಹಿಂಜರಿತ 1990ರ ಜುಲೈನಿಂದ 1991ರ ಮಾರ್ಚ್‌ವರೆಗೆ ಮಾತ್ರ. ಕೊಲ್ಲಿ ಯುದ್ಧ ಮುಗಿದಾಗ ಬುಷ್ ಅವರ ಜನಪ್ರಿಯತೆ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ 89. ಮುಂದಿನ ವರ್ಷದ ಬೇಸಿಗೆಗೆ ಅದು ಶೇ 29. ಹಿಂಜರಿತ ಮುಗಿದು ಒಂದೂವರೆ ವರ್ಷವಾದ ಮೇಲೆ ಜನ ಅವರನ್ನು ಮನೆಗೆ ಕಳಿಸಿದರು. ಏಕೆ? ನಿರುದ್ಯೋಗ ದರದ ಗೆರೆ ಸೇರಿಸಿ. ಬೂದು ಪಟ್ಟಿ ಮುಗಿದ ಮೇಲೂ ಅದು ಏರುತ್ತಲೇ ಹೋಗಿ 1992ರ ಜೂನ್‌ನಲ್ಲಿ ಶೇ 7.8ಕ್ಕೆ ತಲುಪುತ್ತದೆ. ಉತ್ಪಾದನೆ ಚೇತರಿಸಿತು, ಕೆಲಸ ಚೇತರಿಸಲಿಲ್ಲ. ಇನ್ನೊಂದು ವಿಷಯ ಗ್ರಾಫಿನಲ್ಲಿ ಕಾಣುವುದಿಲ್ಲ, ತಿಳಿದಿರಬೇಕು: ಹಿಂಜರಿತ 1991ರ ಮಾರ್ಚ್‌ನಲ್ಲೇ ಮುಗಿದಿತ್ತು ಎಂದು ಆ ಸಮಿತಿ ಘೋಷಿಸಿದ್ದು 1992ರ ಡಿಸೆಂಬರ್ 22ರಂದು. ಮತ ಎಣಿಕೆ ಮುಗಿದು ಏಳು ವಾರಗಳಾಗಿದ್ದವು. ಮತದಾನದ ದಿನ ಆ ಬೂದು ಪಟ್ಟಿಗೆ ಕೊನೆಯ ಅಂಚೇ ಇರಲಿಲ್ಲ.

ಇಂಥ ಮೋಸಕ್ಕೆ ಸಿಲುಕದಿರಲು ಫ್ರೆಡ್‌ನವರೇ ನಡೆಸುವ ಆಲ್‌ಫ್ರೆಡ್ ಎಂಬ ಸೋದರ ತಾಣವಿದೆ. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ಒಂದು ದಿನಾಂಕ ಕೊಟ್ಟರೆ ಆ ದಿನ ಲೋಕಕ್ಕೆ ಗೊತ್ತಿದ್ದ ಅಂಕಿಯನ್ನು ಅದು ತೋರಿಸುತ್ತದೆ, ಆಮೇಲಿನ ತಿದ್ದುಪಡಿಗಳನ್ನು ತೆಗೆದುಹಾಕಿ. 1992ರ ಮೂರನೇ ತ್ರೈಮಾಸಿಕದ ಬೆಳವಣಿಗೆ ಚುನಾವಣೆಗೆ ಒಂದು ವಾರ ಮೊದಲು ಶೇ 2.7 ಎಂದು ಬಂತು, ಚುನಾವಣೆ ಮುಗಿದ ತಿಂಗಳೇ ಶೇ 3.9 ಎಂದು ತಿದ್ದಿದರು. 2022ರ ಎರಡನೇ ತ್ರೈಮಾಸಿಕದ ಕಥೆಯೂ ಹಾಗೇ. ಜುಲೈನಲ್ಲಿ ಮೈನಸ್ ಶೇ 0.9 ಎಂದು ಬಂದು 'ಇದು ಹಿಂಜರಿತವೇ ಅಲ್ಲವೇ' ಎಂದು ದೇಶವೆಲ್ಲ ಕಾದಾಡಿತು. 2024ರ ಸೆಪ್ಟೆಂಬರ್‌ನ ತಿದ್ದುಪಡಿಯಲ್ಲಿ ಅದು ಪ್ಲಸ್ ಶೇ 0.3 ಆಯಿತು. ಮತದಾರರನ್ನು ಇಂದಿನ ತಿದ್ದಿದ ಅಂಕಿ ಹಿಡಿದು ಅಳೆಯುವುದು ಅನ್ಯಾಯ. ಅವರ ಕೈಯಲ್ಲಿ ಅಂದು ಇದ್ದ ಕಾಗದ ಬೇರೆ.

ಇನ್ನು ಕುಂದುಗಳು. ಅಕ್ಷದ ಅಳತೆಯನ್ನು ಫ್ರೆಡ್ ತಾನೇ ಆರಿಸುತ್ತದೆ, ಸೊನ್ನೆಯಿಂದ ಶುರುಮಾಡುವುದಿಲ್ಲ. 2023ರ ಏಪ್ರಿಲ್‌ನ ಶೇ 3.4ರಿಂದ 2024ರ ನವೆಂಬರ್‌ನ ಶೇ 4.2ಕ್ಕೆ ಏರಿದ ನಿರುದ್ಯೋಗ ಮುಳ್ಳಯ್ಯನಗಿರಿ ಹತ್ತಿದಂತೆ ಕಾಣುತ್ತದೆ. 'ಫಾರ್ಮ್ಯಾಟ್' ಭಾಗಕ್ಕೆ ಹೋಗಿ ಎಡ ಅಕ್ಷದ ಕನಿಷ್ಠವನ್ನು ಕೈಯಾರೆ 0 ಮಾಡಬೇಕು. ಹಂಚಿಕೊಳ್ಳುವ ಮುಂಚೆ ಇದನ್ನು ಮಾಡದಿರುವುದು ಓದುಗರಿಗೆ ಮಾಡುವ ದ್ರೋಹ. ಋತುಮಾನಕ್ಕೆ ಹೊಂದಿಸಿದ (ಹಬ್ಬ, ಹವಾಮಾನದಂಥ ಪ್ರತಿವರ್ಷದ ಏರಿಳಿತ ತೆಗೆದ) ಸರಣಿ, ಹೊಂದಿಸದ ಸರಣಿ ಎರಡೂ ಒಂದೇ ಹೆಸರಿನಲ್ಲಿ ಇರುವುದು ಇನ್ನೊಂದು ಕಿರಿಕಿರಿ. ಪತ್ರಿಕೆಗಳ ತಲೆಬರಹದಲ್ಲಿ ಬರುವ ವಾರ್ಷಿಕ ಹಣದುಬ್ಬರ ಹೊಂದಿಸದ ಸರಣಿಯದು, ಫ್ರೆಡ್ ಮೊದಲು ತೆರೆಯುವುದು ಹೊಂದಿಸಿದ್ದನ್ನು. 2022ರ ಜೂನ್‌ಗೆ ಪತ್ರಿಕೆಯಲ್ಲಿ 9.1, ನಿಮ್ಮ ಗ್ರಾಫಿನಲ್ಲಿ 9.0 ಬಂದರೆ ತಾಣ ಕೆಟ್ಟಿಲ್ಲ, ಸರಣಿ ಬೇರೆ ಅಷ್ಟೆ. ಶೀರ್ಷಿಕೆಯ ಕೆಳಗೆ ಚಿಕ್ಕ ಅಕ್ಷರದಲ್ಲಿ ಇದು ಬರೆದಿರುತ್ತದೆ, ಓದಿ.

ಅರ್ಧ ಅಂಕ ಕಳೆದದ್ದು ಇದಕ್ಕಲ್ಲ, ಊರಿನ ಲೆಕ್ಕ ಇಲ್ಲದ್ದಕ್ಕೆ. ಚುನಾವಣೆ ತೀರ್ಮಾನವಾಗುವುದು ಕೆಲವೇ ರಾಜ್ಯಗಳಲ್ಲಿ, ಆದರೆ ರಾಜ್ಯವಾರು ಗ್ರಾಹಕ ಬೆಲೆ ಸೂಚ್ಯಂಕ ಎಂಬುದನ್ನು ಬಿಎಲ್‌ಎಸ್ ತಯಾರಿಸುವುದೇ ಇಲ್ಲ. ಇರುವುದು ಕೆಲವು ಮಹಾನಗರಗಳದ್ದು. ಪೆನ್ಸಿಲ್ವೇನಿಯಕ್ಕೆ ಫಿಲಡೆಲ್ಫಿಯ, ಮಿಷಿಗನ್‌ಗೆ ಡೆಟ್ರಾಯಿಟ್ ಇದೆ. ಪಿಟ್ಸ್‌ಬರ್ಗ್ ಮತ್ತು ಮಿಲ್ವಾಕಿಯನ್ನು 2018ರಲ್ಲಿ ಪಟ್ಟಿಯಿಂದ ಕೈಬಿಟ್ಟ ಮೇಲೆ ವಿಸ್ಕಾನ್ಸಿನ್‌ನಂಥ ನಿರ್ಣಾಯಕ ರಾಜ್ಯಕ್ಕೆ ತನ್ನದೇ ಎಂಬ ಬೆಲೆ ಸೂಚ್ಯಂಕವಿಲ್ಲ. ಕನ್ನಡಿಗರು ಹೆಚ್ಚಿರುವ ಬೇ ಏರಿಯಾ, ಸಿಯಾಟಲ್, ಡಲ್ಲಾಸ್‌ಗಳಿಗೆ ಇದೆ, ಆದರೆ ಎರಡು ತಿಂಗಳಿಗೊಮ್ಮೆ. ಜಿಲ್ಲಾ ಮಟ್ಟದಲ್ಲಿ ನಿರುದ್ಯೋಗ ದರ ಸಿಗುತ್ತದೆ, ಬೆಲೆ ಸೂಚ್ಯಂಕ ಸಿಗುವುದಿಲ್ಲ. ಇದು ಫ್ರೆಡ್‌ನ ತಪ್ಪಲ್ಲ, ಮೂಲದಲ್ಲೇ ಇಲ್ಲ. ಬಳಸುವವರಿಗೆ ಕೊರತೆ ಕೊರತೆಯೇ.

ನಮ್ಮವರ ಅಡುಗೆಮನೆಯೂ ಇಲ್ಲಿ ಕಾಣುವುದಿಲ್ಲ. 2023ರ ಜುಲೈ 20ರಂದು ಭಾರತ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದಾಗ ಅಮೆರಿಕದ ಭಾರತೀಯ ಅಂಗಡಿಗಳಲ್ಲಿ ಸೋನಾ ಮಸೂರಿ ಚೀಲಕ್ಕೆ ಜನ ಮುಗಿಬಿದ್ದರು. ಫ್ರೆಡ್‌ನ ಸರಾಸರಿ ಬೆಲೆಯ ಪಟ್ಟಿಯಲ್ಲಿ ಇರುವುದು ಉದ್ದ ಕಾಳಿನ ಬಿಳಿ ಅಕ್ಕಿ ಮಾತ್ರ, ಸೋನಾ ಮಸೂರಿಯ ಏರಿಳಿತ ಅದರಲ್ಲಿ ಹುಡುಕಿದರೆ ಸಿಗದು. ಭಾರತದ ಸರಣಿಗಳೂ ಇಲ್ಲಿವೆ, ಆದರೆ ಬೇರೆ ಅಂತರರಾಷ್ಟ್ರೀಯ ಸಂಸ್ಥೆಗಳ ಮೂಲಕ ತಡವಾಗಿ ಬರುವಂಥವು. ಭಾರತದ ಬೆಲೆಗೆ ಡಿಬಿಐಇ ಅಥವಾ ಅಂಕಿಅಂಶ ಸಚಿವಾಲಯದ ತಾಣವೇ ಸರಿ.

2025ರ ಅಕ್ಟೋಬರ್‌ಗೆ ಬಂದಾಗ ಸಿಪಿಐ ಗೆರೆ ತುಂಡಾಗಿರುವುದನ್ನು ಕಂಡು ಗಾಬರಿಯಾಗಬೇಡಿ. ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ ಸರ್ಕಾರಿ ಕಚೇರಿಗಳು ಮುಚ್ಚಿದ್ದರಿಂದ ಆ ತಿಂಗಳ ಬೆಲೆಗಳನ್ನು ಯಾರೂ ಬರೆದುಕೊಳ್ಳಲಿಲ್ಲ, ಮನೆ ಸಮೀಕ್ಷೆ ನಡೆಯದೆ ನಿರುದ್ಯೋಗ ದರವೂ ಇಲ್ಲವಾಯಿತು. ಆ ಜಾಗವನ್ನು ಅಕ್ಕಪಕ್ಕದ ಸರಾಸರಿಯಿಂದ ತುಂಬುವ ಆಸೆ ಬೇಡ, ಖಾಲಿಯನ್ನು ಖಾಲಿಯಾಗಿಯೇ ತೋರಿಸಿ. ಅದೇ ವರ್ಷದ ಆಗಸ್ಟ್ 1ರಂದು, ಉದ್ಯೋಗದ ಅಂಕಿ ದುರ್ಬಲವಾಗಿ ಬಂದು ಹಿಂದಿನ ಎರಡು ತಿಂಗಳ ಲೆಕ್ಕವನ್ನೂ 2,58,000 ಉದ್ಯೋಗದಷ್ಟು ಕೆಳಕ್ಕೆ ತಿದ್ದಿದ ದಿನವೇ, ಬಿಎಲ್‌ಎಸ್ ಮುಖ್ಯಸ್ಥೆ ಎರಿಕಾ ಮೆಕೆಂಟಾರ್ಫರ್ ಅವರನ್ನು ಟ್ರಂಪ್ ವಜಾ ಮಾಡಿದರು. ತಿದ್ದುಪಡಿ ಎಂಬುದು ತಡವಾಗಿ ಬಂದ ಕಂಪನಿಗಳ ಉತ್ತರ ಸೇರಿಸುವ ಮಾಮೂಲು ಕೆಲಸ, ಆಲ್‌ಫ್ರೆಡ್‌ನಲ್ಲಿ ದಶಕಗಳ ತಿದ್ದುಪಡಿ ನೋಡಿದವರಿಗೆ ಅದು ಗೊತ್ತು. ಅಂಕಿ ಬರೆಯುವವರಿಗೆ ಭಯ ಹುಟ್ಟಿದರೆ ಈ ತಾಣದ ಒಂದೊಂದು ಗೆರೆಯ ಬೆಲೆಯೂ ಇಳಿಯುತ್ತದೆ.

ಬಳಕೆಯ ಅನುಕೂಲ ಚೆನ್ನಾಗಿದೆ. 'ಡೌನ್‌ಲೋಡ್' ಒತ್ತಿದರೆ ಎಕ್ಸೆಲ್, ಸಿಎಸ್‌ವಿ, ಚಿತ್ರ, ಪವರ್‌ಪಾಯಿಂಟ್, ಪಿಡಿಎಫ್ ಎಲ್ಲವೂ ಸಿಗುತ್ತವೆ. ಎಕ್ಸೆಲ್‌ಗೆ ಸೇರಿಸಿಕೊಳ್ಳುವ ಆ್ಯಡ್-ಇನ್ ಹಾಕಿಕೊಂಡರೆ ಸರಣಿಯ ಸಂಕೇತ ಬರೆದರೆ ಸಾಕು, ಅಂಕಿ ತಾನೇ ಬಂದು ಕೂರುತ್ತದೆ. ಕೋಡ್ ಬರೆಯುವವರಿಗೆ ಎಪಿಐ ಕೀ ಉಚಿತ, ನಿಮಿಷಕ್ಕೆ 120 ಕೋರಿಕೆಗಳ ಮಿತಿ. ಮೊಬೈಲಿನಲ್ಲಿ ನೋಡಬಹುದು, ತಿದ್ದುವುದು ಕಷ್ಟ. ಎಡಿಟ್ ಫಲಕ ತೆರೆದರೆ ಗ್ರಾಫ್ ಮರೆಯಾಗುತ್ತದೆ. ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರಿ.

ಸಿಪಿಐ ಬಿಡುಗಡೆಯಾಗುವುದು ಸಾಮಾನ್ಯವಾಗಿ ತಿಂಗಳ ಎರಡನೇ ವಾರ, ಅಮೆರಿಕದ ಪೂರ್ವ ಕರಾವಳಿಯ ಬೆಳಿಗ್ಗೆ 8.30ಕ್ಕೆ. ನಮ್ಮಲ್ಲಿ ಅದು ಬೇಸಿಗೆಯ ಲೆಕ್ಕದಲ್ಲಿ ಸಂಜೆ 6, ಚಳಿಗಾಲದಲ್ಲಿ 7. ಗೃಹಸಾಲದ ಬಡ್ಡಿ ಗುರುವಾರ, ಪೆಟ್ರೋಲ್ ಬೆಲೆ ವಾರಕ್ಕೊಮ್ಮೆ. ಒಂದು ಡ್ಯಾಶ್‌ಬೋರ್ಡ್ ಮಾಡಿ ಅದರಲ್ಲಿ ಐದು ಗ್ರಾಫ್ ಇಡಿ: ಅಧ್ಯಕ್ಷರು ಕುರ್ಚಿಗೆ ಬಂದ ತಿಂಗಳನ್ನು 100 ಮಾಡಿದ ಸಿಪಿಐ (ಅದೇ ಗ್ರಾಫಿನಲ್ಲಿ ಸಂಬಳದ ಗೆರೆ), ಗೃಹಸಾಲದ ಬಡ್ಡಿ, ಪೆಟ್ರೋಲ್, ಮಿಷಿಗನ್ ಸೂಚ್ಯಂಕ. ಐದನೆಯದಾಗಿ ನಿಮ್ಮ ಮನೆಯಲ್ಲಿ ಹೆಚ್ಚು ಖರ್ಚಾಗುವ ಒಂದು ಸಾಮಾನು, ಮೊಟ್ಟೆಯೋ ಕಾಫಿಯೋ. ಅಧ್ಯಕ್ಷರು ಬದಲಾದಾಗ 100ರ ತಿಂಗಳನ್ನು ಬದಲಿಸಿದರೆ ಆಯಿತು, ಉಳಿದದ್ದು ಹಾಗೇ ನಡೆಯುತ್ತದೆ.